ಕರಿಹಲಗೆಯ ಮೇಲಿನ ಹೆಸರು

1879ರ ಶರತ್ಕಾಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಲೈಲ್ ಎಂಬ ಊರಿನಲ್ಲಿ ಆಗಷ್ಟೇ ಒಂದು ವಸತಿಶಾಲೆ ತೆರೆದಿತ್ತು. ಸೈನ್ಯದ ಹಳೆಯ ಬ್ಯಾರಕ್ಕುಗಳೇ ಅದರ ಕೊಠಡಿಗಳು. ಲಕೋಟಾ ಎಂಬ ಮೂಲ ಜನಾಂಗದ, ಹನ್ನೊಂದರ ಆಸುಪಾಸಿನ ಹುಡುಗನೊಬ್ಬನನ್ನು ಕರಿಹಲಗೆಯ ಮುಂದೆ ನಿಲ್ಲಿಸಿದರು. ಹಲಗೆಯ ಮೇಲೆ ಸೀಮೆಸುಣ್ಣದ ಗೀಟುಗಳಿದ್ದವು. ಅವು ಅಕ್ಷರಗಳು, ಆ ಅಕ್ಷರಗಳು ಬಿಳಿಯರ ಹೆಸರುಗಳು ಎಂಬುದು ಹುಡುಗನಿಗೆ ಗೊತ್ತಿರಲಿಲ್ಲ. ಕೈಗೆ ಕೋಲು ಕೊಟ್ಟು ಯಾವುದಾದರೊಂದನ್ನು ತೋರಿಸು ಎಂದು ಸನ್ನೆ ಮಾಡಿದರು. ಅವನು ತೋರಿಸಿದ. ಅಂದಿನಿಂದ ಅವನು ಲೂಥರ್ ಆದ. ಆ ಹೆಸರನ್ನು ಬಿಳಿ ಪಟ್ಟಿಯ ಮೇಲೆ ಬರೆದು ಅವನ ಅಂಗಿಗೆ ಹೊಲಿದರು. ಹೆತ್ತವರು ಅವನಿಗೆ ಇಟ್ಟಿದ್ದ ಹೆಸರು ಓಟಾ ಕ್ಟೆ.

ಈ ಹುಡುಗ ಮುಂದೆ ಲೂಥರ್ ಸ್ಟ್ಯಾಂಡಿಂಗ್ ಬೇರ್ ಎಂಬ ಲೇಖಕನಾದ. ಕರಿಹಲಗೆಯ ಪ್ರಸಂಗವನ್ನು ತಾನೇ ಬರೆದಿಟ್ಟ. ಅವನ ಬರಹ ಓದಿದ ಮೇಲೆ, ಅಮೆರಿಕ ಖಂಡಗಳ ಮೂಲ ಜನರನ್ನು ನಾವು ಏನೆಂದು ಕರೆಯುತ್ತಿದ್ದೇವೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕನ್ನಡದ ಪತ್ರಿಕೆಗಳಲ್ಲಿ, ಅನುವಾದಗಳಲ್ಲಿ, ಸಿನಿಮಾ ಕುರಿತ ಬರಹಗಳಲ್ಲಿ ಇವತ್ತಿಗೂ ‘ರೆಡ್ ಇಂಡಿಯನ್’ ಎಂಬ ಮಾತು ಎಡತಾಕುತ್ತದೆ. ಬರೆಯುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ಬಲ್ಲೆ. ಆದರೂ ಆ ಮಾತು ಎಲ್ಲಿಂದ ಬಂತು, ಯಾರನ್ನು ಕುರಿತು ಹುಟ್ಟಿತು ಎಂಬುದನ್ನು ಒಮ್ಮೆ ನೋಡಲೇಬೇಕು.

‘ಇಂಡಿಯನ್’ ಅನ್ನುವ ಭಾಗದ ಕಥೆ ಎಲ್ಲರಿಗೂ ಗೊತ್ತು. 1492ರ ಅಕ್ಟೋಬರ್ 12ರಂದು ಕೊಲಂಬಸ್ ಬಹಾಮಾಸ್ ದ್ವೀಪಸಮೂಹದ ಒಂದು ದ್ವೀಪಕ್ಕೆ ಕಾಲಿಟ್ಟ. ಅಲ್ಲಿನ ಜನ ಅದನ್ನು ಗ್ವಾನಾಹಾನಿ ಎನ್ನುತ್ತಿದ್ದರು, ಅವನು ಸಾನ್ ಸಾಲ್ವಡೋರ್ ಎಂದು ಹೆಸರಿಟ್ಟ. ಪೂರ್ವದ ಇಂಡೀಸ್ ನಾಡುಗಳನ್ನು ಮುಟ್ಟಿದೆನೆಂದು ನಂಬಿ ಆ ಜನರನ್ನು ‘ಇಂಡಿಯೋಸ್’ ಎಂದು ಕರೆದ. ನಮ್ಮ ಸಿಂಧೂ ನದಿಯ ಹೆಸರು ಪರ್ಷಿಯನ್ನರ ಬಾಯಲ್ಲಿ ಹಿಂದುವಾಗಿ, ಗ್ರೀಕರ ಬಾಯಲ್ಲಿ ಇಂಡೋಸ್ ಆಗಿ, ಕೊನೆಗೆ ಅರ್ಧ ಭೂಗೋಳದಾಚೆ ನದಿಯನ್ನೇ ಕಾಣದವರ ಹಣೆಗೆ ಅಂಟಿಕೊಂಡಿತು. ಕ್ರಿಕೆಟ್ ನೋಡುವವರು ದಿನವೂ ಹೇಳುವ ‘ವೆಸ್ಟ್ ಇಂಡೀಸ್’ ಕೂಡ ಅದೇ ತಪ್ಪಿನ ಉಳಿಕೆ. ಆ ತಪ್ಪಿನ ಒಂದು ಕುಡಿ ನಮ್ಮವರ ಕಾಲಿಗೂ ತೊಡರಿಕೊಂಡಿದೆ: ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರು ಅಲ್ಲಿನ ಜನಗಣತಿಯಲ್ಲಿ ಬರೀ ಇಂಡಿಯನ್ ಅಲ್ಲ, 1980ರಿಂದ ‘ಏಷಿಯನ್ ಇಂಡಿಯನ್’.

‘ರೆಡ್’ ಎಂಬ ಭಾಗದ ಕಥೆ ಅಷ್ಟಾಗಿ ಗೊತ್ತಿಲ್ಲ. ಕೆನಡಾದ ಪೂರ್ವದ ಅಂಚಿನಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಬಿಯೋಥಕ್ ಎಂಬ ಜನರಿದ್ದರು. ಅವರು ಮೈಗೆ, ಬಟ್ಟೆಗೆ, ಹತಾರಗಳಿಗೆ ಕೆಮ್ಮಣ್ಣು ಬಳಿದುಕೊಳ್ಳುತ್ತಿದ್ದರು. ಮೀನು ಹಿಡಿಯಲು ಬಂದ ಯುರೋಪಿಯನ್ನರು ಅವರನ್ನು ಕೆಂಪು ಇಂಡಿಯನ್ನರು ಎಂದರು. ಬಳಿದುಕೊಂಡ ಮಣ್ಣಿನ ಬಣ್ಣ ಮುಂದೆ ಚರ್ಮದ ಬಣ್ಣವಾಗಿ, ಒಂದು ಜನಾಂಗದ ಹೆಸರು ಎರಡು ಖಂಡಗಳ ನೂರಾರು ಜನಾಂಗಗಳ ಹೆಸರಾಗಿ ಹರಡಿತು. ಕೆಂಪೆಂಬ ಆ ಹೆಸರಿನ ಬೇರುಗಳಲ್ಲಿ ಇದೂ ಒಂದೆಂದು ಇತಿಹಾಸ ಬರೆದವರು ಹೇಳುತ್ತಾರೆ. ಕರಾವಳಿಯನ್ನು ವಲಸಿಗರು ಹಿಡಿದುಕೊಂಡಂತೆ ಬಿಯೋಥಕರು ಒಳನಾಡಿಗೆ ಸರಿದರು. ಹಸಿವು, ಹೊರಗಿನಿಂದ ಬಂದ ರೋಗ, ಗುಂಡು ಎಲ್ಲವೂ ಅವರನ್ನು ಕಬಳಿಸಿದವು. ದಾಖಲೆಗೆ ಸಿಕ್ಕ ಕೊನೆಯ ಬಿಯೋಥಕ್ ಮಹಿಳೆ ಶಾನಾಡಿಥಿಟ್ 1829ರಲ್ಲಿ ಸೇಂಟ್ ಜಾನ್ಸ್ ಪಟ್ಟಣದಲ್ಲಿ ಕ್ಷಯದಿಂದ ತೀರಿಕೊಂಡಳು. ಸಾಯುವ ಮುನ್ನ ತನ್ನವರ ಮನೆ, ದೋಣಿ, ಅವರು ಓಡಿಹೋದ ದಾರಿಗಳನ್ನೆಲ್ಲ ಕಾಗದದ ಮೇಲೆ ಬಿಡಿಸಿಟ್ಟಳು. ಆ ಜನರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹಳಷ್ಟು ಅವಳ ಆ ಚಿತ್ರಗಳಿಂದ ಬಂದದ್ದು.

‘ರೆಡ್ ಇಂಡಿಯನ್’ ಹೆಚ್ಚಾಗಿ ಬ್ರಿಟಿಷರ ಮಾತು. ಅವರ ಸಾಮ್ರಾಜ್ಯದಲ್ಲಿ ‘ಇಂಡಿಯನ್’ ಎಂದರೆ ನಾವು. ಹಾಗಾಗಿ ಅಮೆರಿಕದ ಮೂಲ ಜನರನ್ನು ಬೇರ್ಪಡಿಸಲು ಒಂದು ಬಣ್ಣ ಬೇಕಾಯಿತು. ಬ್ರಿಟಿಷರ ಇಂಗ್ಲಿಷ್ ಪಾಠಗಳ ಜೊತೆ ಆ ಮಾತು ನಮ್ಮ ಶಾಲೆಗಳಿಗೂ ಬಂತು. ಅಮೆರಿಕದಲ್ಲಿ ಈಗ ಅದನ್ನು ಯಾರಾದರೂ ಎದುರಿಗೆ ಆಡಿದರೆ ಬೈಗುಳವೇ. ವಾಷಿಂಗ್ಟನ್ನಿನ ಫುಟ್ಬಾಲ್ ತಂಡ ದಶಕಗಳ ಪ್ರತಿಭಟನೆಯ ನಂತರ 2020ರಲ್ಲಿ ‘ರೆಡ್‌ಸ್ಕಿನ್ಸ್’ ಹೆಸರನ್ನು ಕೈಬಿಟ್ಟಿತು. ಆದರೆ ಇಲ್ಲೊಂದು ತೊಡಕೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಓಕ್ಲಹೋಮಾ ರಾಜ್ಯದ ಹೆಸರು ಚಾಕ್ಟಾ ಭಾಷೆಯ ‘ಓಕ್ಲ’, ‘ಹುಮ್ಮ’ ಎಂಬ ಎರಡು ಪದಗಳ ಜೋಡಣೆ, ಅರ್ಥ ಕೆಂಪು ಜನ. 1866ರಲ್ಲಿ ಅದನ್ನು ಸೂಚಿಸಿದವನು ಚಾಕ್ಟಾ ನಾಯಕ ಆಲನ್ ರೈಟ್. ತಾನೇ ಆಯ್ದು ಹೇಳಿಕೊಂಡ ಕೆಂಪಿಗೂ ಬೇರೆಯವರು ಹೊರಿಸಿದ ಕೆಂಪಿಗೂ ತೂಕ ಬೇರೆ.

ಹಾಗಾದರೆ ಅವರಿಗೆ ಬೇಕಾದ ಹೆಸರು ಯಾವುದು? ಸಂಯುಕ್ತ ಸಂಸ್ಥಾನದಲ್ಲಿ 1960-70ರ ದಶಕಗಳಿಂದ ‘ನೇಟಿವ್ ಅಮೆರಿಕನ್’ ಎಂಬುದು ವಿಶ್ವವಿದ್ಯಾಲಯಗಳಲ್ಲಿ, ಪತ್ರಿಕೆಗಳಲ್ಲಿ ಚಾಲ್ತಿಗೆ ಬಂತು. ಸಭ್ಯವಾದ ಮಾತು ಅದೇ ಎಂದು ನಾವೂ ನಂಬಿದ್ದೆವು. ಆದರೆ 1995ರಲ್ಲಿ ಅಲ್ಲಿನ ಜನಗಣತಿ ಇಲಾಖೆ ಆ ಜನರನ್ನೇ ಕೇಳಿದಾಗ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿ ‘ಅಮೆರಿಕನ್ ಇಂಡಿಯನ್’ ಎಂದರು, ಶೇ. 37ರಷ್ಟು ಮಂದಿ ‘ನೇಟಿವ್ ಅಮೆರಿಕನ್’ ಎಂದರು. 1968ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ ಹೋರಾಟದ ಸಂಘಟನೆಯ ಹೆಸರೇ ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್. ಅದರ ಮುಂದಾಳು, ಲಕೋಟಾ ಜನಾಂಗದ ರಸೆಲ್ ಮೀನ್ಸ್, ‘ನೇಟಿವ್ ಅಮೆರಿಕನ್’ ಎಂಬುದು ಸರ್ಕಾರ ಕಟ್ಟಿದ ಹೆಸರು, ಅಮೆರಿಕದಲ್ಲಿ ಹುಟ್ಟಿದ ಯಾರು ಬೇಕಾದರೂ ಆ ಹೆಸರು ಹೇಳಿಕೊಳ್ಳಬಹುದು ಎಂದು ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. 2004ರಲ್ಲಿ ವಾಷಿಂಗ್ಟನ್ ನಗರದ ನಡುವೆ ಬಾಗಿಲು ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಫಲಕದ ಮೇಲೂ ‘ಅಮೆರಿಕನ್ ಇಂಡಿಯನ್’ ಎಂದೇ ಇದೆ.

ತಪ್ಪಿನಿಂದ ಹುಟ್ಟಿದ ಹೆಸರನ್ನು ಅವರೇಕೆ ಬಿಟ್ಟುಕೊಡುತ್ತಿಲ್ಲ? ಅಭ್ಯಾಸಬಲ ಒಂದು ಕಾರಣವಿರಬಹುದು. ದೊಡ್ಡ ಕಾರಣ ಕಾಗದಪತ್ರಗಳಲ್ಲಿದೆ. 1787ರ ಅಮೆರಿಕದ ಸಂವಿಧಾನದಲ್ಲಿ ‘ಇಂಡಿಯನ್ ಟ್ರೈಬ್ಸ್’ ಎಂಬ ಮಾತಿದೆ. ಸರ್ಕಾರ ಆ ಜನಾಂಗಗಳೊಂದಿಗೆ ಮಾಡಿಕೊಂಡ ನೂರಾರು ಕೌಲುಗಳಲ್ಲಿ ಅದೇ ಮಾತಿದೆ. ನೆಲ, ನೀರು, ಮೀನುಗಾರಿಕೆ, ಶಿಕ್ಷಣ, ವೈದ್ಯ ಇವುಗಳ ಹಕ್ಕೆಲ್ಲ ಆ ಹೆಸರಿಗೆ ಬರೆದುಕೊಟ್ಟದ್ದು. ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಿ ನಮೂದಾಗಿದ್ದರೂ ಹೊಲದ ಹಕ್ಕಿಗೆ ನಾವು ಆ ಪಹಣಿಯನ್ನೇ ಜೋಪಾನ ಮಾಡುತ್ತೇವಲ್ಲ, ಹಾಗೆ. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮೋರ್ಟನ್ ವಿರುದ್ಧ ಮಂಕಾರಿ ಮೊಕದ್ದಮೆಯಲ್ಲಿ ಒಂದು ಮಹತ್ವದ ಮಾತು ಹೇಳಿತು: ಸರ್ಕಾರಿ ಇಲಾಖೆಯೊಂದು ಇಂಡಿಯನ್ನರಿಗೆ ಕೊಡುವ ಆದ್ಯತೆ ವರ್ಣದ ಆಧಾರದ್ದಲ್ಲ, ರಾಜಕೀಯ ಸ್ವರೂಪದ್ದು. ಅಂದರೆ ಕಾನೂನಿನ ಕಣ್ಣಿಗೆ ಇಂಡಿಯನ್ ಎಂದರೆ ಮೈಬಣ್ಣ, ಮೂಗಿನ ಆಕಾರವಲ್ಲ. ಸರ್ಕಾರದ ಮಾನ್ಯತೆ ಪಡೆದ, ತನ್ನದೇ ಆಡಳಿತವಿರುವ ಒಂದು ಸಮುದಾಯದ ಸದಸ್ಯತ್ವ. ಆ ಹೆಸರು ಸಡಿಲವಾದರೆ ಅದರ ಜೊತೆಗಿನ ಹಕ್ಕೂ ಸಡಿಲವಾದೀತೆಂಬ ಅವರ ಆತಂಕ ನನಗೆ ಅರ್ಥವಾಗುತ್ತದೆ.

ಲಕೋಟಾ ಮತ್ತು ಅವರ ಸೋದರ ಜನಾಂಗಗಳ ಉದಾಹರಣೆಯನ್ನೇ ನೋಡಿ. 1868ರ ಫೋರ್ಟ್ ಲಾರಮಿ ಕೌಲಿನಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಅವರದೇ ಎಂದು ಸರ್ಕಾರ ಬರೆದುಕೊಟ್ಟಿತು. ಅಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಸರ್ಕಾರ ಬೆಟ್ಟಗಳನ್ನು ಕಿತ್ತುಕೊಂಡಿತು. ನೂರು ವರ್ಷಕ್ಕೂ ಮೀರಿದ ಜಗಳದ ನಂತರ 1980ರಲ್ಲಿ ಸುಪ್ರೀಂ ಕೋರ್ಟು ಅದು ಅನ್ಯಾಯವೆಂದು ಒಪ್ಪಿ 10 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಎತ್ತಿಹಿಡಿಯಿತು. ಅವರು ಆ ಹಣ ಮುಟ್ಟಲಿಲ್ಲ. ಬಡ್ಡಿ ಸೇರಿ ಅದು ಈಗ 100 ಕೋಟಿ ಡಾಲರ್ ದಾಟಿದೆ. ದೇಶದ ಅತ್ಯಂತ ಬಡ ಪ್ರದೇಶಗಳಲ್ಲಿ ಬದುಕುತ್ತಿರುವ ಆ ಜನ ಬೆಟ್ಟ ಬೇಕು, ದುಡ್ಡು ಬೇಡ ಎನ್ನುತ್ತಲೇ ಇದ್ದಾರೆ. ಅಂದಹಾಗೆ, ಅವರ ಬರಹಗಳಲ್ಲಿ ‘ರಿಸರ್ವೇಶನ್’ ಎಂಬ ಮಾತು ಬಂದಾಗ ನಮ್ಮ ಅನುವಾದಕರು ಎಚ್ಚರವಾಗಿರಬೇಕು. ಅದು ನಮ್ಮ ಮೀಸಲಾತಿಯಲ್ಲ. ಕೌಲಿನಲ್ಲೋ ಕಾಯಿದೆಯಲ್ಲೋ ಅವರಿಗೆ ಉಳಿಸಿದ ನೆಲ.

ಕಾರ್ಲೈಲ್ ಶಾಲೆ ತೆರೆದ ಅದೇ 1879ರಲ್ಲಿ ನೆಬ್ರಾಸ್ಕಾದ ಒಮಾಹಾ ನಗರದಲ್ಲಿ ಒಂದು ವಿಚಾರಣೆ ನಡೆಯಿತು. ಆ ಹುಡುಗನ ತಂದೆಯ ಹೆಸರನ್ನೇ ಹೊತ್ತ ಇನ್ನೊಬ್ಬ ಸ್ಟ್ಯಾಂಡಿಂಗ್ ಬೇರ್, ಪೊಂಕಾ ಜನಾಂಗದ ಮುಖ್ಯಸ್ಥ, ಅದರ ಕೇಂದ್ರದಲ್ಲಿದ್ದ. ಪೊಂಕಾ ಜನರನ್ನು ಎರಡು ವರ್ಷ ಹಿಂದೆ ಸರ್ಕಾರ ಅವರ ನಯೊಬ್ರಾರಾ ನದಿಯ ದಂಡೆಯಿಂದ ಎಬ್ಬಿಸಿ ದಕ್ಷಿಣಕ್ಕೆ, ಈಗಿನ ಓಕ್ಲಹೋಮಾಕ್ಕೆ, ಅಟ್ಟಿತ್ತು. ಅಲ್ಲಿ ಜ್ವರಕ್ಕೂ ಹಸಿವಿಗೂ ಜನ ಸತ್ತರು. ಸ್ಟ್ಯಾಂಡಿಂಗ್ ಬೇರ್‌ನ ಮಗನೂ ಸತ್ತ. ತನ್ನನ್ನು ಹಿರಿಯರ ನೆಲದಲ್ಲಿ ಮಣ್ಣುಮಾಡಬೇಕೆಂಬುದು ಸಾಯುವ ಹುಡುಗನ ಕೊನೆಯ ಆಸೆ. ಜನವರಿಯ ಹಿಮದಲ್ಲಿ ತಂದೆ ಮಗನ ಮೂಳೆಗಳನ್ನು ಹೊತ್ತು ಸುಮಾರು ಮೂವತ್ತು ಜನರ ಜೊತೆ ಉತ್ತರಕ್ಕೆ ನಡೆದ. ಸೈನ್ಯ ಅವರನ್ನು ಬಂಧಿಸಿತು. ನ್ಯಾಯಾಲಯದಲ್ಲಿ ಸರ್ಕಾರದ ವಕೀಲ ಮಂಡಿಸಿದ ವಾದ ಹೀಗಿತ್ತು: ಅಕ್ರಮ ಬಂಧನದ ವಿರುದ್ಧ ಅರ್ಜಿ ಹಾಕುವ ಹಕ್ಕು ಕಾನೂನು ಒಪ್ಪುವ ‘ವ್ಯಕ್ತಿ’ಗೆ ಮಾತ್ರ, ಇಂಡಿಯನ್ ಆ ಅರ್ಥದಲ್ಲಿ ವ್ಯಕ್ತಿಯೇ ಅಲ್ಲ. ಮೇ 12ರಂದು ನ್ಯಾಯಾಧೀಶ ಎಲ್ಮರ್ ಡಂಡಿ ಆ ವಾದವನ್ನು ತಳ್ಳಿಹಾಕಿದ. ಇಂಡಿಯನ್ ಕೂಡ ಕಾನೂನಿನ ಅರ್ಥದಲ್ಲಿ ವ್ಯಕ್ತಿ ಎಂದು ತೀರ್ಪಿತ್ತ. ಸ್ಟ್ಯಾಂಡಿಂಗ್ ಬೇರ್ ಮಗನ ಮೂಳೆಗಳನ್ನು ನದಿಯ ದಂಡೆಯಲ್ಲಿ ಹೂಳಿದ. 2019ರಿಂದ ಅವನ ಪ್ರತಿಮೆ ಅಮೆರಿಕದ ಸಂಸತ್ ಭವನದಲ್ಲಿ ನಿಂತಿದೆ. ಆದರೆ ಆ ದೇಶದ ಎಲ್ಲ ಮೂಲ ಜನರಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ, ತೀರ್ಪು ಬಂದು 45 ವರ್ಷಗಳ ನಂತರ.

ಉತ್ತರದ ಕೆನಡಾದಲ್ಲಿ ಮಾತಿನ ಬಳಕೆ ಬೇರೆ. ಅಲ್ಲಿ ‘ಇಂಡಿಯನ್’ ಎನ್ನುವುದನ್ನು ಬಹುಪಾಲು ಜನ ಅವಮಾನವೆಂದೇ ಕಾಣುತ್ತಾರೆ, 1876ರ ಇಂಡಿಯನ್ ಕಾಯಿದೆ ಮಾತ್ರ ಅದೇ ಹೆಸರಿನಲ್ಲಿ ಇನ್ನೂ ಜಾರಿಯಲ್ಲಿದೆ. ಅವರು ಹೇಳಿಕೊಳ್ಳುವುದು ‘ಫಸ್ಟ್ ನೇಷನ್ಸ್’, ಮೊದಲ ರಾಷ್ಟ್ರಗಳು, ಎಂದು. ಆದರೆ ಆ ಮಾತು ಇನುಯಿಟ್ ಜನರನ್ನಾಗಲಿ, ಯುರೋಪಿಯನ್ ಮತ್ತು ಮೂಲ ಜನರ ಬೆರಕೆಯಿಂದ ರೂಪುಗೊಂಡ ಮೇಟಿ ಜನಾಂಗವನ್ನಾಗಲಿ ಒಳಗೊಳ್ಳುವುದಿಲ್ಲ. 1982ರ ಸಂವಿಧಾನ ಈ ಮೂರನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ.

ಇನುಯಿಟ್ ಎಂದರೆ ನಾವು ಶಾಲೆಯಲ್ಲಿ ಎಸ್ಕಿಮೊ ಎಂದು ಓದಿದವರು. ‘ಎಸ್ಕಿಮೊ’ ಎಂದರೆ ಹಸಿಮಾಂಸ ತಿನ್ನುವವರು ಎಂಬ ಅರ್ಥ ಜನಜನಿತ. ಹಿಮದಲ್ಲಿ ನಡೆಯುವ ಪಾದರಕ್ಷೆಗೆ ಬಲೆ ಹೆಣೆಯುವವರು ಎಂಬುದು ಮೂಲಾರ್ಥವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅರ್ಥ ಯಾವುದೇ ಇರಲಿ, ಅದು ನೆರೆಯವರ ಭಾಷೆಯಿಂದ ಬಂದ ಹೆಸರು, ಅವರದಲ್ಲ. ಇನುಯಿಟ್ ಎಂದರೆ ಅವರ ಭಾಷೆಯಲ್ಲಿ ಜನ. ಒಬ್ಬರಾದರೆ ಇನುಕ್. ಅಲಾಸ್ಕಾದ ಯೂಪಿಕ್ ಜನರನ್ನು ಮಾತ್ರ ಇನುಯಿಟ್ ಎನ್ನಬಾರದು, ಅವರು ಬೇರೆ ಭಾಷೆಯ ಬೇರೆ ಜನಾಂಗ.

ಈ ಇನುಯಿಟ್ ಜನರ ಹೆಸರಿನ ಜೊತೆ ಕೆನಡಾ ಸರ್ಕಾರ ನಡೆದುಕೊಂಡ ರೀತಿಯನ್ನು ಓದಿದಾಗ ನನಗೆ ಕರಿಹಲಗೆಯ ಹುಡುಗನೇ ಮತ್ತೆ ನೆನಪಾದ. ಅವರಲ್ಲಿ ಮನೆತನದ ಹೆಸರೆಂಬುದು ಇರಲಿಲ್ಲ. ತೀರಿಕೊಂಡ ಹಿರಿಯರ ಹೆಸರನ್ನು ಹುಟ್ಟಿದ ಕೂಸಿಗೆ ಇಡುತ್ತಿದ್ದರು, ಆ ಹಿರಿಯರ ಗುಣವೂ ನಂಟೂ ಹೆಸರಿನ ಜೊತೆ ಮಗುವಿಗೆ ಬರುತ್ತದೆಂದು ನಂಬಿದ್ದರು. ಅಧಿಕಾರಿಗಳಿಗೆ ಆ ಹೆಸರುಗಳನ್ನು ಉಚ್ಚರಿಸಲು, ಬರೆದುಕೊಳ್ಳಲು ಬರಲಿಲ್ಲ. 1941ರಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಅದನ್ನು ಅಚ್ಚೊತ್ತಿದ ಬಿಲ್ಲೆಯನ್ನು ಕೊರಳಿಗೆ ಕಟ್ಟಿಕೊಳ್ಳಲು ಹೇಳಿದರು. ಪೂರ್ವದವರಿಗೆ ‘ಇ’, ಪಶ್ಚಿಮದವರಿಗೆ ‘ಡಬ್ಲ್ಯು’ ಅಕ್ಷರ, ಮುಂದೆ ಅಂಕಿ. ಪತ್ರಗಳಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯ ಪಟ್ಟಿಯಲ್ಲಿ ಆ ಅಂಕಿಯೇ ಅವರ ಗುರುತು. 1960ರ ದಶಕದ ಕೊನೆಯಲ್ಲಿ ಏಬ್ ಓಕ್ಪಿಕ್ ಎಂಬ ಇನುಕ್ ಊರೂರು ಸುತ್ತಿ, ಮನೆಮನೆಗೆ ಹೋಗಿ, ನಿಮಗೆ ಯಾವ ಮನೆತನದ ಹೆಸರು ಬೇಕು ಎಂದು ಕೇಳಿ ಬರೆದುಕೊಂಡ. ಕೇಳಲಿಕ್ಕೆ ಹೆಚ್ಚುಕಮ್ಮಿ ಮೂವತ್ತು ವರ್ಷ ಹಿಡಿಯಿತು.

ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ‘ಇಂಡಿಯೊ’ ಎಂಬುದು ಜಮೀನ್ದಾರ ಜೀತದಾಳಿಗೆ ಹಾಕುವ ಬೈಗುಳವಾಗಿ ಬೆಳೆಯಿತು. ಪೆರುವಿನಲ್ಲಿ ಜೂನ್ 24 ಇಂಡಿಯನ್ನರ ದಿನವಾಗಿತ್ತು. 1969ರಲ್ಲಿ ಅದೇ ದಿನ ಭೂಸುಧಾರಣೆ ಸಾರಿದ ವೆಲಾಸ್ಕೊ ಸರ್ಕಾರ ಅದನ್ನು ರೈತರ ದಿನವೆಂದು ಬದಲಿಸಿತು. ಬೈಗುಳ ಹೋಯಿತು ನಿಜ. ಜೊತೆಗೆ ಕೆಚುವಾ, ಐಮಾರಾ ಎಂಬ ಗುರುತುಗಳೂ ‘ರೈತ’ ಎಂಬ ಒಂದೇ ಮಾತಿನ ಕೆಳಗೆ ಹೂತುಹೋದವು. ಬೊಲಿವಿಯಾದಲ್ಲಿ ಈ ಮರೆಸುವಿಕೆಯ ವಿರುದ್ಧವೇ 1970ರ ದಶಕದಲ್ಲಿ ಐಮಾರಾ ಯುವಕರು ಎದ್ದರು. ಅವರ ಹೋರಾಟ ಬೆಳೆದು 2009ರ ಸಂವಿಧಾನದಲ್ಲಿ ಸ್ಪ್ಯಾನಿಷ್ ಜೊತೆಗೆ 36 ಮೂಲ ಭಾಷೆಗಳು ಅಧಿಕೃತವಾದವು. ಬ್ರೆಜಿಲ್ ಏಪ್ರಿಲ್ 19ರ ‘ಇಂಡಿಯನ್ ದಿನ’ವನ್ನು 2022ರಲ್ಲಿ ‘ಮೂಲ ಜನಾಂಗಗಳ ದಿನ’ ಎಂದು ಬದಲಿಸಿತು. ಏಕವಚನ ಹೋಗಿ ಬಹುವಚನ ಬಂದದ್ದನ್ನು ಗಮನಿಸಬೇಕು. ಇಂಗ್ಲಿಷಿನಲ್ಲೂ ಈ ಬಹುವಚನಕ್ಕಾಗಿ ವಿಶ್ವಸಂಸ್ಥೆಯಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ‘ಜನ’ ಎಂದರೆ ಬಿಡಿ ವ್ಯಕ್ತಿಗಳ ಗುಂಪು, ‘ಜನಾಂಗಗಳು’ ಎಂದರೆ ನೆಲದ ಮೇಲೆ, ಆಡಳಿತದ ಮೇಲೆ ಹಕ್ಕುಳ್ಳ ಘಟಕಗಳು. ಮೂಲ ಜನಾಂಗಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆ ಈ ಬಹುವಚನವನ್ನು ಒಪ್ಪಿತು. ಅದರ ಪರವಾಗಿ ಭಾರತವೂ ಸೇರಿ 144 ದೇಶಗಳು ಮತ ಹಾಕಿದವು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮಾತ್ರ ಅಂದು ವಿರುದ್ಧ ನಿಂತವು.

ಈ ಎಲ್ಲ ಒಟ್ಟು ಹೆಸರುಗಳನ್ನು ಬದಿಗಿಟ್ಟು ಒಬ್ಬೊಬ್ಬರನ್ನೇ ಕೇಳಿದರೆ ಅವರು ಮೊದಲು ಹೇಳುವುದು ತಮ್ಮ ಜನಾಂಗದ ಹೆಸರನ್ನು. ಅಲ್ಲಿಯೂ ಹೊರಗಿನವರು ಇಟ್ಟದ್ದು, ತಮ್ಮದೇ ಆದದ್ದು ಎಂಬ ಎರಡು ಪದರಗಳಿವೆ. ಸೂ ಎಂಬುದು ನೆರೆಯ ಓಜಿಬ್ವೆ ಜನರ ಮಾತು ಫ್ರೆಂಚರ ಬಾಯಲ್ಲಿ ಮುರಿದದ್ದು, ಆ ಹೆಸರು ಹೊತ್ತವರು ತಮ್ಮನ್ನು ಲಕೋಟಾ, ಡಕೋಟಾ ಎನ್ನುತ್ತಾರೆ, ಎಂದರೆ ಗೆಳೆಯರು. ನವಾಹೋ ಜನ ತಮ್ಮನ್ನು ಕರೆದುಕೊಳ್ಳುವುದು ದಿನೆ ಎಂದು. ಅರಿಜೋನಾದ ಪಾಪಾಗೊ ಎನ್ನಿಸಿಕೊಂಡಿದ್ದವರು 1986ರಲ್ಲಿ ಆ ಹೆಸರು ಕಳಚಿ ತೊಹೊನೊ ಓದಮ್, ಅಂದರೆ ಮರುಭೂಮಿಯ ಜನ, ಆದರು. ಚಿಲಿ ದೇಶದಲ್ಲಿ ಸ್ಪೇನಿನವರು ಅರೌಕಾನರು ಎಂದು ಕರೆದವರು ತಮ್ಮ ಮಾತಿನಲ್ಲಿ ಮಾಪುಚೆ, ನೆಲದ ಜನ. ಫ್ರೆಂಚರು ಇರೊಕ್ವಾ ಎಂದದ್ದು ಹೋಡನೋಶೋನಿ ಒಕ್ಕೂಟವನ್ನು, ಉದ್ದಮನೆಯ ಜನರನ್ನು. ಆರು ರಾಷ್ಟ್ರಗಳ ಈ ಒಕ್ಕೂಟ ತನ್ನದೇ ಪಾಸ್‌ಪೋರ್ಟ್ ಕೊಡುತ್ತದೆ. 2010ರಲ್ಲಿ ಮ್ಯಾಂಚೆಸ್ಟರಿನಲ್ಲಿ ಲಕ್ರಾಸ್ ವಿಶ್ವ ಪಂದ್ಯಾವಳಿ ಇತ್ತು. ಆ ಆಟ ಹುಟ್ಟಿದ್ದೇ ಇವರಂಥ ಮೂಲ ಜನಾಂಗಗಳ ಅಂಗಳದಲ್ಲಿ. ಅಲ್ಲಿ ಆಡಲು ಹೊರಟಿದ್ದ ಒಕ್ಕೂಟದ ತಂಡದ ಪಾಸ್‌ಪೋರ್ಟನ್ನು ಬ್ರಿಟನ್ ಒಪ್ಪಲಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಹೋಗಬಹುದಿತ್ತು. ಅವರು ಹಾಗೆ ಹೋಗಲಿಲ್ಲ, ಪಂದ್ಯಾವಳಿಯನ್ನೇ ಬಿಟ್ಟರು.

ಕನ್ನಡಕ್ಕೆ ಈ ಜನರ ಋಣವೂ ಸಣ್ಣದಲ್ಲ. ಉತ್ತರ ಕರ್ನಾಟಕದವರೂ ಕರಾವಳಿಯವರೂ ಆಡುವ ಬಟಾಟೆ ಎಂಬ ಮಾತು ಕೊಲಂಬಸ್ ಎದುರುಗೊಂಡ ತೈನೊ ಜನರದು. ಟೊಮ್ಯಾಟೊ ಮೆಕ್ಸಿಕೊದ ನಾವಾತಲ್ ಭಾಷೆಯದು. ಅನಾನಸು ದಕ್ಷಿಣ ಅಮೆರಿಕದ ಟುಪಿ, ಗ್ವಾರಾನಿ ಮಾತುಗಳಿಂದ ಬಂದದ್ದು. ಯುರೋಪಿಯನ್ನರ ಮೂಲಕ ಹಣ್ಣು ಗಡ್ಡೆಗಳ ಜೊತೆ ಬಂದ ಈ ಹೆಸರುಗಳನ್ನು ನಾವು ಹೆಚ್ಚು ಕೆಡಿಸದೆ ಉಳಿಸಿಕೊಂಡಿದ್ದೇವೆ. ಬೆಳೆದವರ ಹೆಸರಿನ ವಿಷಯದಲ್ಲಿ ಆ ಎಚ್ಚರ ತೋರಿಸಿಲ್ಲ.

ಆದ್ದರಿಂದ ಪತ್ರಿಕೆಗಳ ಸಂಪಾದಕರಲ್ಲಿ, ಪಠ್ಯ ಬರೆಯುವವರಲ್ಲಿ, ಅನುವಾದಕರಲ್ಲಿ ನನ್ನ ವಿನಂತಿ ಇಷ್ಟು. ಜನಾಂಗದ ಹೆಸರು ಗೊತ್ತಿದ್ದರೆ ಅದನ್ನೇ ಬರೆಯಿರಿ: ಲಕೋಟಾ ಲೇಖಕ, ದಿನೆ ಕವಿ, ಮಾಪುಚೆ ಹೋರಾಟಗಾರ್ತಿ. ಒಟ್ಟಾಗಿ ಹೇಳಬೇಕಾದಲ್ಲಿ ‘ಅಮೆರಿಕದ ಮೂಲ ಜನಾಂಗಗಳು’ ಎನ್ನಿ, ಬಹುವಚನ ಬಿಡಬೇಡಿ. ‘ಬುಡಕಟ್ಟು’ ಎಂಬುದನ್ನು ಎಲ್ಲರಿಗೂ ಹಚ್ಚಬೇಡಿ. ತನ್ನ ಕಾಲದ ಯುರೋಪಿನ ಬಹುತೇಕ ನಗರಗಳಿಗಿಂತ ದೊಡ್ಡದಾಗಿದ್ದ ತೆನೊಚ್ಟಿಟ್ಲಾನ್ ನಗರ ಕಟ್ಟಿದ ಮೆಕ್ಸಿಕೊದ ಮೆಶಿಕಾ ಜನರಿಗೆ ಆ ಮಾತು ಹೊಂದುವುದಿಲ್ಲ. ಕಾನೂನು, ಕೌಲು, ಸಂಸ್ಥೆಗಳ ಹೆಸರಿನಲ್ಲಿ, ಅವರೇ ಹೇಳಿಕೊಂಡಲ್ಲಿ ‘ಇಂಡಿಯನ್’ ಇರಲಿ. ‘ರೆಡ್ ಇಂಡಿಯನ್’ ಎಂಬುದನ್ನು ಮಾತ್ರ ಇವತ್ತೇ ಬಿಟ್ಟುಬಿಡಿ. ಲೂಥರ್ ಸ್ಟ್ಯಾಂಡಿಂಗ್ ಬೇರ್ ಬಗ್ಗೆ ಮುಂದೆ ಯಾರಾದರೂ ಕನ್ನಡದಲ್ಲಿ ಬರೆದರೆ, ಮೊದಲ ಸಾಲಿನಲ್ಲೇ ಓಟಾ ಕ್ಟೆ ಎಂಬ ಹೆಸರನ್ನೂ ಬರೆಯಿರಿ.